ಹಿಂದಿನ ಸೀಟಿಲ್ಲದ ಕಾರು

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಕೋಳಿ ಅಂಕದ ಚಟ. ನನಗಿರುವುದು ಒಬ್ಬನೇ ಕೂರುವ ಚಟ. ಮೊದಲಿನ ಎರಡು ಚಟಗಳಿಗೆ ನಮ್ಮ ಕಡೆ ಪೊಲೀಸರ ಕಾಟವೊಂದು ಬಿಟ್ಟರೆ ಬೇರೆ ತೊಂದರೆಯಿಲ್ಲ, ಜೊತೆಗೆ ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಚಟಕ್ಕೆ ಜನ ಸಿಗುವುದೇ ತೊಂದರೆ. ಕುಂದಾಪುರದಿಂದ ಬ್ರಹ್ಮಾವರದವರೆಗೆ ನಾಲ್ಕು ಚಕ್ರದ ಮೇಲೆ ಒಬ್ಬನೇ ಕೂತು ಹೋದ ಮನುಷ್ಯನನ್ನು ಯಾರಾದರೂ ನೋಡಿದ್ದರೆ ದಯವಿಟ್ಟು ವಿಳಾಸ ಕೊಡಿ. ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಿ ಬರುತ್ತೇನೆ.

ನನ್ನ ಮನೆ ಕುಂದಾಪುರದಲ್ಲಿ, ಕುಚ್ಚಲಕ್ಕಿ ಗಿರಣಿ ಬ್ರಹ್ಮಾವರದಲ್ಲಿ. ನಡುವೆ ಓಡಾಡಲು ಒಂದು ವ್ಯಾನಿತ್ತು. ನನ್ನದು ಎಂದು ನಾನು ತಿಳಿದಿದ್ದೆ. ಖಾಲಿ ಹೋಗುವ ಗಾಡಿಯನ್ನು ಕಂಡರೆ ನಮ್ಮವರ ಹೊಟ್ಟೆಯಲ್ಲಿ ಅದೆಂಥದೋ ಸಂಕಟ ಶುರುವಾಗುತ್ತದೆ. ಗೇಟು ದಾಟುವಷ್ಟರಲ್ಲಿ, "ಹ್ವಾಯ್, ಬ್ರಹ್ಮಾವರಕ್ಕಾ? ಗಾಡಿ ಖಾಲಿ ಹೋತಿತ್ತಲ್ದಾ, ಒಂಚೂರ್ ನಿಲ್ಲಿ, ನಾನೂ ಬತ್ತೆ" ಎಂಬ ಕೂಗು ಬರುತ್ತಿತ್ತು. ಬ್ರಹ್ಮಾವರದಲ್ಲಿ ಕೆಲಸವಿರಲೇಬೇಕೆಂದೇನೂ ಇಲ್ಲ. ಗಾಡಿ ಹೋಗುತ್ತದಲ್ಲ ಎಂದು ಅಲ್ಲಿಗೆ ಬಂದು ಕ್ಷೌರ ಮಾಡಿಸಿಕೊಂಡು ಹೋದವರಿದ್ದಾರೆ. ಕುಂದಾಪುರದಲ್ಲಿ ಕ್ಷೌರದಂಗಡಿ ಇಲ್ಲವೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಇನ್ನು ಮದುವೆಯ ದಿನವಂತೂ ಕೇಳುವುದೇ ಬೇಡ. ದೊಡ್ಡವರು ಸೀಟಿನ ಮೇಲೆ, ಅವರ ಮಡಿಲಲ್ಲಿ ಮಕ್ಕಳು, ಮಕ್ಕಳ ಮಡಿಲಲ್ಲಿ ಹಲಸಿನ ಹಣ್ಣು. ನನ್ನ ಬೆನ್ನ ಮೇಲೆ ವಾಂತಿ ಮಾಡದ ಮಗು ನಮ್ಮ ನೆಂಟರ ಪೈಕಿ ಯಾವುದೂ ಇಲ್ಲ. ಅವುಗಳಲ್ಲಿ ಕೆಲವಕ್ಕೆ ಈಗ ಮದುವೆಯಾಗಿದೆ.

ಹೀಗಿರುವಾಗ ಬೊಂಬಾಯಿಯಿಂದ ಭಾವನ ಫೋನು ಬಂತು. ಭಾವ ಎಂದರೆ ನನ್ನ ಅಕ್ಕನ ಗಂಡ, ಅಲ್ಲಿ ಹೋಟೆಲು ಇಟ್ಟವರು. ಅವರ ಹೋಟೆಲಿಗೆ ಬರುವ ಗಿರಾಕಿಯೊಬ್ಬರು ತಮ್ಮ ಜರ್ಮನ್ ಸ್ಪೋರ್ಟ್ಸ್ ಕಾರನ್ನು ಮಾರುತ್ತಿದ್ದಾರಂತೆ. ಹಳೇ ಕಾರು ಯಾರಿಗೆ ಬೇಕು ಭಾವ ಎಂದೆ. ಭಾವನಿಗೆ ಕೋಪ ಬಂತು. "ಹಳೆ ಕಾರಂದ್ರೆ ನಿನ್ನ ವ್ಯಾನು. ಇದ್ ಮಾಡರ್ನ್ ಕ್ಲಾಸಿಕ್ ಮಾರಾಯ. ವರ್ಷ ಹೋದ್ ಹಾಂಗೆ ಮರ್ಯಾದಿ ಜಾಸ್ತಿ ಆತ್ತ್." ವರ್ಷ ಹೋದ ಹಾಗೆ ಮರ್ಯಾದೆ ಹೆಚ್ಚುವ ಒಂದು ವಸ್ತುವಾದರೂ ಲೋಕದಲ್ಲಿದೆಯಲ್ಲ ಎಂದು ನನಗೆ ಆಶ್ಚರ್ಯವಾಯಿತು. ನನ್ನ ಅನುಭವ ಬೇರೆ ತರಹದ್ದು. ಆದರೆ ನನ್ನನ್ನು ಕೆಡಿಸಿದ್ದು ಆ ಮಾತಲ್ಲ. ಫೋನಿಡುವ ಮೊದಲು ಭಾವ, "ಒಂದ್ ತೊಂದ್ರೆ ಇತ್ತ್. ಎರಡೇ ಸೀಟು, ಹಿಂದೆ ಎಂತದೂ ಇಲ್ಲೆ" ಎಂದರು. ತೊಂದರೆಯಂತೆ. ನನ್ನ ಕಿವಿಗೆ ಅದು ವೇದಮಂತ್ರದ ಹಾಗೆ ಕೇಳಿಸಿತು. ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಹೆಂಡತಿ ಓದುತ್ತಾಳೆ.

ಕಾರು ಲಾರಿಯ ಮೇಲೆ ಬಂತು. ಆದ್ದರಿಂದ ಊರಿನವರೆಲ್ಲ ಅದು ಅಪಘಾತವಾದ ಗಾಡಿಯೆಂದೇ ತಿಳಿದು, ಒಳಗಿದ್ದವರಿಗೆ ಏನಾಯಿತೆಂದು ಕೇಳಿದರು. ಕೆಂಪು ಬಣ್ಣ, ನನ್ನ ಸೊಂಟದೆತ್ತರ. ಬಾಗಿಲು ಹಾಕಿದರೆ ಗಿರಣಿಯಲ್ಲಿ ಅಕ್ಕಿಮೂಟೆ ಇಳಿಸಿದ ಹಾಗೆ ಧಪ್ಪೆಂಬ ಗಟ್ಟಿ ಸದ್ದು. ಇಂಜಿನ್ ಶುರು ಮಾಡಿದರೆ ಹೊಟ್ಟೆಯೊಳಗೇ ಏನೋ ಗುಡುಗಿದಂತೆ. ಸುಳ್ಳೇಕೆ ಹೇಳಲಿ, ಆ ದಿನ ನನಗೆ ಕಣ್ಣಲ್ಲಿ ನೀರು ಬಂತು. ಹೆಂಡತಿ ಸುಜಾತ ಅಂಗಳಕ್ಕೆ ಬಂದಳು, ಒಂದು ಸುತ್ತು ಹಾಕಿದಳು, ಹಿಂದೆ ಹೋಗಿ ಮತ್ತೊಮ್ಮೆ ನೋಡಿದಳು. "ಹ್ವಾಯ್, ಉಳಿದರ್ಧ ನಾಳೆ ಬತ್ತಾ?" ಎಂದು ಕೇಳಿದಳು.

ಇಷ್ಟೇ ಇರುವುದು ಎಂದು ತಿಳಿದ ಮೇಲೆ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ತಣ್ಣಗೆ ಒಂದು ಶರತ್ತು ಹಾಕಿದಳು. "ಸಾಲಿಗ್ರಾಮದಗೆ ನೆಂಟರ ಮದಿ ಇತ್ತಲ್ದಾ. ಅಮ್ಮನ್ನ ಇದ್ರಗೇ ಕೂರ್ಸ್ಕಂಡ್ ಹೋಯ್ನಿ. ಅವ್ರ್ ಅಡ್ಡಿಲ್ಲೆ ಅಂದ್ರೆ ಗಾಡಿ ಇರ್ಲಿ. ಇಲ್ದಿರೆ ಮಾರುದೇ ಸೈ." ಅವಳ ಅಮ್ಮ ಅಂದರೆ ನನ್ನ ಅತ್ತೆ. ಬೈಂದೂರಿನ ಹತ್ತಿರ ಉಪ್ಪುಂದದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇರುವವರು. ಮೈಕೈ ತುಂಬಿದ ಹೆಂಗಸು, ಮಾತು ಕಮ್ಮಿ, ಮಂಡಿನೋವು ಜಾಸ್ತಿ. ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆಯೆಂದರೆ "ಅಡ್ಡಿಲ್ಲೆ", ಅಂದರೆ ಪರವಾಗಿಲ್ಲ, ಎಂಬುದು. ಹೆಣ್ಣು ನೋಡಲು ಹೋದಾಗ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಅವರು ಹೇಳಿದ್ದು ಅದನ್ನೇ. ಆಮೇಲೆ ಇವತ್ತಿನವರೆಗೂ ನನ್ನ ದರ್ಜೆ ಅಲ್ಲಿಂದ ಮೇಲೇರಿಲ್ಲ.

ಮದುವೆಗೆ ಇನ್ನೂ ಸಮಯವಿತ್ತು. ಅಷ್ಟರೊಳಗೆ ಕಾರಿನ ಸುಖವನ್ನೆಲ್ಲ ಸೂರೆ ಹೊಡೆಯೋಣವೆಂದು ಹೊರಟೆ. ಮೊದಲು ದೇವಸ್ಥಾನದ ಎದುರು ಪೂಜೆ. ಭಟ್ಟರು ಒಡೆದ ಕಾಯಿಯ ಹೋಳೊಂದು ಕಾರಿನ ಹೊಟ್ಟೆಯಡಿ ಸಿಕ್ಕಿಕೊಂಡು ಮನೆಯವರೆಗೂ ಕಟಕಟ ಎನ್ನುತ್ತ ಬಂತು. ಗೇರ್‌ಬಾಕ್ಸೇ ಹೋಯಿತೆಂದು ನಾನು ದಾರಿಯುದ್ದಕ್ಕೂ ಬೆವೆತೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಹೆದ್ದಾರಿಯನ್ನು ಅಗಲ ಮಾಡಲೆಂದು ಅಗೆದು ಹಾಕಿದ್ದರು. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ಓಡಬಲ್ಲೆ ಎಂದು ಎದೆಯ ಮೇಲೆ ಬರೆದುಕೊಂಡ ಕಾರು ಜಲ್ಲಿರಾಶಿಗಳ ನಡುವೆ ಎತ್ತಿನ ಗಾಡಿಯ ವೇಗದಲ್ಲಿ ಹೊರಳುತ್ತಿತ್ತು. ಹಂಪು ಬಂದರೆ ಇಳಿದು, ಬಗ್ಗಿ, ಅಡಿ ತಾಗುತ್ತದೋ ಇಲ್ಲವೋ ನೋಡಿ, ಮತ್ತೆ ಹತ್ತಿ, ಓರೆಯಾಗಿ ದಾಟಿಸಬೇಕು. ಖಾಸಗಿ ಬಸ್ಸಿನವರು ಪಕ್ಕದಲ್ಲಿ ಹಾದು ಹೋಗುವಾಗ ಮೆಟ್ಟಿಲ ಮೇಲೆ ನೇತಾಡುತ್ತಿದ್ದ ಕಂಡಕ್ಟರು ಕೆಳಗೆ ಇಣುಕಿ, "ಹ್ವಾಯ್, ಒಳಗ್ ಜನ ಇದ್ರಾ?" ಎಂದು ಕೇಳುತ್ತಿದ್ದ. ಗಿರಣಿಯ ಹೊಟ್ಟಿನ ಧೂಳು ಒಳಗೆ ಹೋಗಿ ಏಸಿ ಉಸಿರು ನಿಲ್ಲಿಸಿತು. ಕೋಟೇಶ್ವರದ ಮೆಕ್ಯಾನಿಕ್ಕು ಬಾನೆಟ್ಟು ಎತ್ತಿ ನೋಡಿ ಭಕ್ತಿಯಿಂದ ಮತ್ತೆ ಮುಚ್ಚಿದ. "ಇದ್ರ ಸಾಮಾನ್ ಇಲ್ಲಿ ಸಿಕ್ಕುದಿಲ್ಲೆ ಮಾರಾಯ್ರೆ. ಸಿಕ್ರೂ ನಾನ್ ಕೈ ಹಾಕುದಿಲ್ಲೆ" ಎಂದ.

ಇನ್ನು ಒಬ್ಬನೇ ಕೂರುವ ಸುಖ. ಅದೂ ಆಗಲಿಲ್ಲ. ಒಂದು ಸೀಟು ಖಾಲಿಯಿದೆಯಲ್ಲ. ಮೊದಲು ವ್ಯಾನಿನಲ್ಲಿ ಎಲ್ಲರೂ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು, ನನ್ನ ಪಾಡಿಗೆ ನಾನಿರುತ್ತಿದ್ದೆ. ಈಗ ಒಬ್ಬರೇ ಹತ್ತುತ್ತಿದ್ದರು, ಅವರ ಮಾತಿಗೆಲ್ಲ ನಾನೊಬ್ಬನೇ ಗತಿ. ಸೊಂಟ ಹಿಡಿದುಕೊಂಡಿತು. ಮದುವೆ ಹತ್ತಿರ ಬರುವಾಗ ನನಗೆ ಆ ಕಾರು ಸಾಕೋ ಸಾಕಾಗಿತ್ತು. ಉಡುಪಿಯ ಹುಡುಗನೊಬ್ಬ ಕೊಳ್ಳುತ್ತೇನೆಂದು ಹಿಂದೆ ಬಿದ್ದಿದ್ದ, ಅವನಿಗೂ ಮಾಡರ್ನ್ ಕ್ಲಾಸಿಕ್ಕಿನ ಹುಚ್ಚು. ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಆದರೆ ಹೆಂಡತಿಯ ಎದುರು ನಿಂತು, "ನೀನು ಹೇಳಿದ್ದೇ ಸರಿ" ಎನ್ನುವುದು ಹೇಗೆ? ಅದಕ್ಕೆ ನನಗೆ ಅತ್ತೆಯೊಬ್ಬರೇ ದಾರಿ ಎನಿಸಿತು. ಅವರು ಒಂದು ಸಲ ಮುಖ ಸಿಂಡರಿಸಿದರೆ ಸಾಕು, "ಏನು ಮಾಡುವುದು, ದೊಡ್ಡವರಿಗೆ ಹಿಡಿಸಲಿಲ್ಲ" ಎಂದು ನಿಟ್ಟುಸಿರು ಬಿಟ್ಟು, ಮರ್ಯಾದೆ ಉಳಿಸಿಕೊಂಡು, ಕಾರನ್ನು ಸಾಗಹಾಕಬಹುದು. ಆ ನಿಟ್ಟುಸಿರನ್ನು ನಾನು ಬಚ್ಚಲುಮನೆಯಲ್ಲಿ ಅಭ್ಯಾಸವೂ ಮಾಡಿಕೊಂಡಿದ್ದೆ.

ಮದುವೆಯ ದಿನ ಬೆಳಿಗ್ಗೆ ಉಪ್ಪುಂದಕ್ಕೆ ಹೋದೆ. ಸುಜಾತ ಮತ್ತು ಮಕ್ಕಳು ಕುಂದಾಪುರದಿಂದ ನೆರೆಯವರ ಜೊತೆ ವ್ಯಾನಿನಲ್ಲಿ ಬರುವವರಿದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಜಗಲಿಯಲ್ಲಿ ತಯಾರಾಗಿ ನಿಂತಿದ್ದರು. ಹಿಂದೆ ಮೊಮ್ಮಕ್ಕಳು, ನೆರೆಮನೆಯವರು, ಅವರ ಕೈಯಲ್ಲಿ ಸೌತೆಕಾಯಿಯ ಚೀಲ, ಎಲ್ಲರೂ ಹತ್ತಲು ಸಿದ್ಧ. ಕಾರಿನೊಳಗೆ ಇಣುಕಿ ನೋಡಿ ಒಬ್ಬೊಬ್ಬರೇ ಹಿಂದೆ ಸರಿದರು. ನಾನು ಬಾಗಿಲು ತೆರೆದು, ಅತ್ತೆಯ ಮಂಡಿಯನ್ನೇ ನೋಡುತ್ತ, ಈಗ 'ಅಯ್ಯೋ' ಎನ್ನುತ್ತಾರೆ ಎಂದು ಕಾದೆ. ಅವರು ಕಾರಿಗೆ ಬೆನ್ನು ಮಾಡಿ ನಿಂತರು, ಸೀರೆಯ ನೆರಿಗೆ ಹಿಡಿದರು, ಸುಮ್ಮನೆ ಕೂತುಬಿಟ್ಟರು. ಆಮೇಲೆ ಕಾಲೆರಡನ್ನೂ ಒಳಗೆ ಎಳೆದುಕೊಂಡರು. ನಾನು ಇಷ್ಟು ದಿನ ತಲೆ ಮೊದಲು ತೂರಿಸಿ ಹಣೆ ಊದಿಸಿಕೊಂಡಿದ್ದೆ. "ನಮ್ಮನಿ ಕಾಯಿ ಹೆರುವ ಮಣಿ ಹಾಂಗೇ ಇತ್ತ್" ಎಂದರು ಅತ್ತೆ. ಕಾಯಿ ತುರಿಯುವ ಮಣೆಯ ಮೇಲೆ ಜೀವಮಾನವಿಡೀ ಕೂತು ಎದ್ದವರಿಗೆ ಜರ್ಮನ್ನರು ಯಾವ ಲೆಕ್ಕ.

ದಾರಿಯಲ್ಲಾದರೂ ಅತ್ತೆಯ ಮನಸ್ಸು ಕೆಡಲೆಂದು ಹಂಪುಗಳನ್ನು ಓರೆಯಾಗಿ ದಾಟಿಸದೆ ನೇರವಾಗಿಯೇ ಹಾರಿಸಿದೆ. ನನ್ನ ಸೊಂಟದಿಂದ 'ಅಮ್ಮಾ' ಎಂಬ ಸದ್ದು ಬಂತು, ಅತ್ತೆಯಿಂದ ಏನೂ ಬರಲಿಲ್ಲ. ಮರವಂತೆಯಲ್ಲಿ ರಸ್ತೆ ಒಂಚೂರು ಚೆನ್ನಾಗಿತ್ತು. ಅವರು ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖ ಕೊಟ್ಟು ಕೂತರು. ಏಸಿ ಸತ್ತಿರುವುದು ಅವರಿಗೆ ಗೊತ್ತೇ ಆಗಲಿಲ್ಲ. ನಾನು ಹವಾಮಾನದ ಬಗ್ಗೆ ಏನೋ ಒಂದು ಮಾತು ಶುರು ಮಾಡಿದೆ. ಅವರು ಮುಖವನ್ನು ಇನ್ನಷ್ಟು ಹೊರಗೆ ಹಾಕಿದರು.

ಸಾಲಿಗ್ರಾಮದ ಮದುವೆಮಂಟಪದ ಎದುರು ಕಾರು ನಿಲ್ಲಿಸಿದೆ. ಇಳಿದು ಹೋಗಿ ಬಾಗಿಲು ತೆರೆದರೆ ಅತ್ತೆ ಅಲ್ಲಾಡಲಿಲ್ಲ. ಸಿಕ್ಕಿಕೊಂಡಿದ್ದಾರೆ ಎಂದು ಖಾತ್ರಿಯಾಯಿತು. ಪಾಪ ಎಂದುಕೊಂಡೆ, ಒಳಗೊಳಗೇ ಕುಣಿದಾಡಿದೆ. ಕೈ ಕೊಡಲೇ ಎಂದು ಕೇಳಿದೆ. "ಈಗ್ಲೇ ಎಂತ ಗಡಿಬಿಡಿ? ಬಾಗ್ಲ್ ಹಾಕಿ" ಎಂದರು. ಅಷ್ಟರಲ್ಲಿ ಅವರ ಓರಗಿತ್ತಿ ಬಂದರು. ಈ ಓರಗಿತ್ತಿ ಎಂದರೆ ಮಾವನ ಅಣ್ಣನ ಹೆಂಡತಿ, ಮನೆಗೆ ಹಿರಿಯ ಸೊಸೆ, ಬಗ್ಗಿ ಯಾರನ್ನೂ ಮಾತಾಡಿಸಿದವರಲ್ಲ. ಮದುವೆಗಳಲ್ಲಿ ಅತ್ತೆಯೇ ಹುಡುಕಿಕೊಂಡು ಹೋಗಿ ಅವರ ಎದುರು ನಿಲ್ಲಬೇಕಿತ್ತು. ಈಗ ಅತ್ತೆ ಕೂತಿದ್ದ ಜಾಗ ನೆಲದಿಂದ ಗೇಣು ಮೇಲೆ. ಮುಖ ಕಾಣಬೇಕಾದರೆ ಬೇರೆ ದಾರಿಯಿಲ್ಲ. ಓರಗಿತ್ತಿ ಸೊಂಟಕ್ಕೆ ಕೈ ಕೊಟ್ಟು, ಸೆರಗು ಸರಿಮಾಡಿಕೊಂಡು, ಪೂರಾ ಬಗ್ಗಿ, "ಹುಷಾರಿದ್ಯಾ?" ಎಂದು ಕೇಳಿದರು. ಅತ್ತೆ ಒಳಗಿಂದ, "ಅಡ್ಡಿಲ್ಲೆ" ಎಂದರು. ಆಮೇಲೆ ಸಾಲಾಗಿ ಬಂದರು, ಎಲ್ಲರೂ ಬಗ್ಗಿದರು. ಮದುಮಗನ ತಂದೆ ಬಗ್ಗಿದರು, ಪುರೋಹಿತರೂ ಬಗ್ಗಿದರು. ಅತ್ತೆ ಎದ್ದದ್ದು ಧಾರೆಯ ವಾಲಗ ಶುರುವಾದ ಮೇಲೆ. ಕಾಯಿ ತುರಿದು ಮುಗಿಸಿ ಏಳುವವರ ಹಾಗೆ ಮಂಡಿಗೆ ಒಂದು ಕೈ ಊರಿ ಸಲೀಸಾಗಿ ಎದ್ದು ನಡೆದರು.

ವಾಪಸು ಬರುವಾಗ ಮಾತಾಡಿದ್ದು ಅತ್ತೆ. "ಮದಿ ಆಯ್ ಬಂದಲ್ಲಿಂದ ಮಡಿಲಗೆ ಮಕ್ಕಳಿಲ್ದೆ ಗಾಡಿಯಗೆ ಕೂಕಂಡದ್ದಿಲ್ಲೆ. ಕಿಟಕಿ ಬದಿ ಯಾವತ್ತೂ ಬೇರೆಯವ್ರಿಗೆ. ಇವತ್ತ್ ಒಬ್ಳೇ ಕೂಕಂಡೆ. ಲಾಯ್ಕಿತ್ತ್." ಲಾಯ್ಕಿತ್ತ್. ಚೆನ್ನಾಗಿತ್ತು ಎಂಬ, ನನಗೆ ಇಷ್ಟು ವರ್ಷ ಸಿಗದ ಮಾತು ಕಾರಿಗೆ ಒಂದೇ ದಿನದಲ್ಲಿ ಸಿಕ್ಕಿತು. ಹೊಟ್ಟೆಕಿಚ್ಚಾಯಿತು, ಮರುಕ್ಷಣ ಪಾಪ ಎನಿಸಿತು. ನನ್ನದೇ ಚಟದ ಮನುಷ್ಯರೊಬ್ಬರು ಉಪ್ಪುಂದದಲ್ಲಿ ಇಷ್ಟು ಕಾಲ ಮೊಮ್ಮಕ್ಕಳ ನಡುವೆ ಅಡಗಿ ಕೂತಿದ್ದರು, ನನಗೆ ಗೊತ್ತೇ ಇರಲಿಲ್ಲ. ನಮ್ಮಿಬ್ಬರ ನಡುವೆ ಒಂದು ಬಗೆಯ ಸ್ನೇಹ ಹುಟ್ಟಿತೆಂದು ನನಗೆ ಅನ್ನಿಸಿತು. ಹಾಗೆಂದು ಹೇಳಲು ಬಾಯಿ ತೆರೆದೆ. "ನೀವ್ ಮಾತಾಡ್ದೆ ಗಾಡಿ ಬಿಟ್ರೆ ಇನ್ನೂ ಲಾಯ್ಕ್" ಎಂದರು.

ಉಡುಪಿಯ ಹುಡುಗನಿಗೆ ಕಾರು ಮಾರುವುದಿಲ್ಲ ಎಂದು ಹೇಳಿಬಿಟ್ಟೆ. ಅವನು, ನಿಮಗೆ ಅಷ್ಟು ಪ್ರೀತಿಯಾ ಸಾರ್ ಎಂದು ಕೇಳಿದ. ಹೌದು ಎಂದೆ. ಆಮೇಲೆ ಯಾವ ಮದುವೆ, ಯಾವ ಗೃಹಪ್ರವೇಶವಿದ್ದರೂ ಉಪ್ಪುಂದದಿಂದ ಫೋನು ಬರುತ್ತದೆ. ಅತ್ತೆ ನನ್ನ ಆರೋಗ್ಯ ವಿಚಾರಿಸುವುದಿಲ್ಲ, ಕಾರಿನದು ವಿಚಾರಿಸುತ್ತಾರೆ. ಏಸಿಯ ಸಾಮಾನು ಬೊಂಬಾಯಿಯಿಂದ ತರಿಸಬೇಡಿ, ಗಾಳಿ ತಪ್ಪಿಹೋಗುತ್ತದೆ ಎಂದೂ ಹೇಳಿ ಕಳಿಸಿದ್ದಾರೆ.

ಹೋದ ತಿಂಗಳು ಬ್ರಹ್ಮಾವರದಲ್ಲಿ ಒಂದು ನಿಶ್ಚಿತಾರ್ಥವಿತ್ತು. ಎಂದಿನಂತೆ ಕಾರಿನ ಕೀಲಿಕೈಗೆ ಕೈ ಹಾಕಿದರೆ ಅದು ಮೊಳೆಯಲ್ಲಿರಲಿಲ್ಲ. ಸುಜಾತ, "ನೀವ್ ಹಂಪ್ ಹಾರ್ಸುದ್ ಕಂಡ್ ಅಮ್ಮಂಗೆ ಹೆದ್ರಿಕೆ ಆತ್ತಂಬ್ರ್. ಗಿರಣಿ ಡ್ರೈವರಿಗೆ ಹೇಳಿದ್ದೆ, ಅವ ಬೆಳಿಗ್ಗೆಯೇ ಉಪ್ಪುಂದಕ್ಕೆ ಹೋಯ್ನ" ಎಂದಳು. ಕಾರಿಗೆ ಎರಡೇ ಸೀಟು. ಒಂದು ಡ್ರೈವರಿಗೆ, ಒಂದು ಅತ್ತೆಗೆ. ಲೆಕ್ಕ ಸರಿಯಾಗಿಯೇ ಇತ್ತು. ವ್ಯಾನು ಬಿಡಲು ನೆರೆಮನೆಯ ಹುಡುಗ ಕೂತಾಗಿತ್ತು, ನಾನು ಹಿಂದಿನ ಸೀಟಿಗೆ ಹತ್ತಿದೆ. ಯಾರದೋ ಮಗುವನ್ನು ಯಾರೋ ನನ್ನ ಮಡಿಲಲ್ಲಿ ಕೂರಿಸಿದರು, ಅದರ ಕೈಗೆ ಒಂದು ಹಲಸಿನ ತೊಳೆ ಕೊಟ್ಟರು. ಹೆದ್ದಾರಿಗೆ ಬರುತ್ತಿದ್ದ ಹಾಗೆ ಆ ಕೆಂಪು ಕಾರು ನಮ್ಮನ್ನು ದಾಟಿತು. ಕಿಟಕಿಯ ಗಾಜು ಇಳಿಸಿತ್ತು. ಅತ್ತೆ ಕಣ್ಣು ಮುಚ್ಚಿ, ಗಾಳಿಗೆ ಮುಖ ಕೊಟ್ಟು, ಯಾರ ಗೊಡವೆಯೂ ಇಲ್ಲದೆ ಕೂತಿದ್ದರು. ನಾನು ಮೆಚ್ಚಿ ಕೊಂಡ ಸುಖ ಹೇಗಿರುತ್ತದೆ ಎಂದು ಕೊನೆಗೂ ಕಣ್ಣಾರೆ ಕಂಡೆ. ಅಷ್ಟರಲ್ಲಿ ವ್ಯಾನು ನಿಂತಿತು. ಬಾಗಿಲ ಹತ್ತಿರ ಕೂತವರು ತಿರುಗಿ, "ಹ್ವಾಯ್, ಒಂಚೂರ್ ಆಚೆ ಜರ್ಗಿ, ಇನ್ನೊಬ್ರ್ ಹತ್ತುಕಿತ್ತ್" ಎಂದರು.

ಮಗುವನ್ನು ಎತ್ತಿ ಹಿಡಿದುಕೊಂಡು ಜರಗಿ ಕೂತೆ.