ಅಂಕಿಯಿಲ್ಲದ ವಾಚು

ದೇವರ ಸಾಮಾನು ತಿಕ್ಕುವ ಹೊತ್ತಿನಲ್ಲಿ ನನಗೆ ಯಾರ ಮೇಲೂ ಸಿಟ್ಟಿರುವುದಿಲ್ಲ. ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ಹಿತ್ತಾಳೆಯ ಎರಡು ದೀಪ, ನಳದಲ್ಲಿ ಇನ್ನೂ ನಿಲ್ಲದ ನೀರು, ಇಷ್ಟು ಸಿಕ್ಕರೆ ಮುಂಬಯಿಯಂಥ ಊರಿನಲ್ಲಿಯೂ ದೇವರು ನಮ್ಮನ್ನು ಮರೆತಿಲ್ಲ ಅನಿಸುತ್ತದೆ. ಆ ರವಿವಾರವೂ ಹಾಗೆಯೇ ಕೂತಿದ್ದೆ. ಆಗ ಪರೇಲಿನ ದೇಸಾಯರು ನಮ್ಮ ಮಾಟುಂಗದ ಚಾಳಿನ ಮೂರು ಮಾಳಿಗೆ ಹತ್ತಿ ಬಂದು, ಚಪ್ಪಲಿಯನ್ನೂ ಸರಿಯಾಗಿ ಬಿಡದೆ, ಬಾಗಿಲಲ್ಲೇ ತಲೆಯ ಮೇಲೆ ಕೈಯಿಟ್ಟು ಕುಳಿತರು. ದೇಸಾಯರು ನಮ್ಮವರ ಆಫೀಸಿನ ಗೆಳೆಯರು. "ಹೋತ್ರಿ ವೈನಿ, ಎಲ್ಲಾ ಹೋತು" ಅಂದರು.

ಗದಗಿನಲ್ಲಿ ಅವರ ತಾಯಿಗೆ ಎಂಬತ್ತು ದಾಟಿದೆ. ದೀಪ ಅಲ್ಲೇ ಬಿಟ್ಟು, ಕೈ ತೊಳೆದು, ನೀರಿನ ತಂಬಿಗೆ ಅವರ ಮುಂದಿಟ್ಟೆ. ಒಳಗಿದ್ದ ನಾದಿನಿ ಇಂದುಗೆ ಸ್ಟೋವ್ ಆರಿಸಲು ಸನ್ನೆ ಮಾಡಿದೆ. "ಊರಿಂದ ತಂತಿ ಬಂತೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ತಂತಿ ಅಲ್ರಿ, ವಾಚು! ನಮ್ಮ ರಾಣಿ ಮುಖದ ಮ್ಯಾಲಿನ ಅಂಕಿ ತಗದಾರ. ಬರೀ ಕಡ್ಡಿ ಇಟ್ಟಾರ್ರಿ, ಕಡ್ಡಿ!"

ಇಂದುಗೆ ಮತ್ತೆ ಸ್ಟೋವ್ ಹಚ್ಚಲು ಹೇಳಿದೆ. ಒಂದು ಬೆಂಕಿಕಡ್ಡಿ ದಂಡವಾಯಿತು.

ರಾಣಿ ಅಂದರೆ ಒಂದು ಸ್ವಿಸ್ ವಾಚಿನ ನಮೂನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಈಗಾಗಲೇ ನಮ್ಮ ಮನೆಯಲ್ಲಿ ಅದರ ನಾಮಸ್ಮರಣೆ ಬೇಕಾದಷ್ಟಾಗಿದೆ. ಬಿಳಿ ಮುಖ, ಕಪ್ಪು ಅಂಕಿ, ಕಂದು ಚರ್ಮದ ಪಟ್ಟಿ. ನಮ್ಮವರ ಕೈಯಲ್ಲಿ ಒಂದು, ದೇಸಾಯರ ಕೈಯಲ್ಲಿ ಒಂದು. ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಪೂರ್ವಕ್ಕೆ ಮುಖ ಮಾಡಿ, ಲೆಕ್ಕವಿಟ್ಟು ಹದಿನೆಂಟು ಸುತ್ತು ಕೀಲಿ ಕೊಡುತ್ತಾರೆ. ಸಂಧ್ಯಾವಂದನೆಗೆ ಇಷ್ಟು ನಿಷ್ಠೆ ತೋರಿಸಿದ್ದರೆ ಇಷ್ಟೊತ್ತಿಗೆ ವೈಕುಂಠದಲ್ಲಿ ನಮಗೆ ಎರಡು ಕೋಣೆಯ ಜಾಗವಾದರೂ ಸಿಗುತ್ತಿತ್ತು. ಲೋಕಲ್‌ನಲ್ಲಿ ಕೂತರೆ ಇವರ ಕಣ್ಣು ಸ್ಟೇಷನ್ನಿನ ಮೇಲಿಲ್ಲ, ಪರರ ಅಂಗಿಯ ತೋಳಿನ ಮೇಲೆ. ಒಮ್ಮೆ ದಾದರಿನಲ್ಲಿ ಯಾರೋ ಅಪರಿಚಿತನ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿದ್ದಾರೆ. ಆತ "ಚೋರ್! ಚೋರ್!" ಎಂದು ಕೂಗಿ ಇಡೀ ಪ್ಲಾಟ್‌ಫಾರ್ಮು ಕೂಡಿಸಿದ. ಇಷ್ಟೆಲ್ಲಾ ಆಗಿ, ನಮ್ಮವರಿಗೆ ವಾರದಲ್ಲಿ ಮೂರು ದಿನ ಗಾಡಿ ತಪ್ಪುತ್ತದೆ. ನಮ್ಮ ಓಣಿಯ ಮೀನು ಮಾರುವ ಹೆಂಗಸಿಗೆ ವಾಚೂ ಇಲ್ಲ, ಅಕ್ಷರವೂ ಇಲ್ಲ. ಆಕೆಗೆ ಒಂದು ದಿನ ಗಾಡಿ ತಪ್ಪಿದ್ದನ್ನು ನಾನು ಕೇಳಿಲ್ಲ. ಆದರೂ ಕುದುರೆ ರೇಸಿನ ಹುಚ್ಚು ಕೊಡದೆ ಗಡಿಯಾರದ ಹುಚ್ಚು ಕೊಟ್ಟ ಭಗವಂತನಿಗೆ ದಿನಾ ಒಂದು ತುಳಸಿ ಏರಿಸುತ್ತೇನೆ.

ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಸೋದರಮಾವನ ಮಗ ಹೊಸ ರಾಣಿಯನ್ನು ದೇಸಾಯರ ಕೈಗೆ ತಂದು ಮುಟ್ಟಿಸಿದ್ದ. ದೇಸಾಯರು ಡಬ್ಬಿ ತೆರೆದು ಮಂಚದ ಮೇಲಿಟ್ಟರು. ನಮ್ಮವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು, ಕೊನೆಗೆ ಗೋಡೆಗೆ ಒರಗಿದರು.

"ಮೂರರ ಜಾಗಾದಾಗ ಕಿಡಕಿ ಕೊರದು ತಾರೀಖ ಇಟ್ಟಾರಲ್ಲೋ ದೇಸಾಯಿ!"

"ಮೂರು ನುಂಗಿ ನೀರು ಕುಡದಾರ! ಇನ್ನ ಮೂರು ಹೊಡದದ್ದು ನಮಗ ಹೆಂಗ ಗೊತ್ತಾಗಬೇಕು?"

"ನಳದಾಗ ನೀರು ನಿಂತಾಗ ಮೂರು ಹೊಡೀತದ" ಎಂದೆ ನಾನು. ನನ್ನ ಮಾತಿಗೆ ಆ ಮನೆಯಲ್ಲಿ ಕಿವಿಯಿರಲಿಲ್ಲ. ಸ್ಟೇಷನ್ನಿನ ಸೇತುವೆಯ ಕೆಳಗೆ ಗಡಿಯಾರ ರಿಪೇರಿ ಮಾಡುವ ವಿಜಾಪುರದ ಹುಸೇನಸಾಬರಲ್ಲಿಗೆ ಇಬ್ಬರೂ ಓಡಿದರು. ಅವರು ಕಣ್ಣಿಗೆ ಭಿಂಗದ ಗಾಜು ಸಿಕ್ಕಿಸಿ, ಹಿಂದಿನ ಮುಚ್ಚಳ ಬಿಚ್ಚಿ ನೋಡಿ, "ಮಶೀನ ಅದೇ ಅದ ಸಾಹೇಬರ. ಮಾರಿ ಅಷ್ಟ ತೊಳದಾರ" ಅಂದರಂತೆ. ಅಂದಿನಿಂದ ಹುಸೇನಸಾಬರಿಗೂ ವಯಸ್ಸಾಯಿತು, ಕೆಲಸ ಮರೆತಿದ್ದಾರೆ ಎಂದು ಇವರ ತೀರ್ಮಾನ. ಮುಂದಿನ ಮೂರು ಸಂಜೆ ಸ್ವಿಟ್ಜರ್‌ಲ್ಯಾಂಡಿಗೆ ಇಂಗ್ಲಿಷಿನಲ್ಲಿ ತಕರಾರು ಪತ್ರ ಬರೆಯುವುದರಲ್ಲಿ ಹೋಯಿತು. ಎರಡು ಸಂಜೆ, ಆರಂಭದಲ್ಲಿ ಬರೀ "ಸರ್" ಸಾಕೋ ಅದರ ಹಿಂದೆ ಗೌರವದ ಮಾತೊಂದು ಬೇಕೋ ಎಂಬ ಜಗಳ. ಆ ಕಾಗದ ಈಗ ನನ್ನ ಮೆಣಸಿನಪುಡಿಯ ಡಬ್ಬಿಯ ಕೆಳಗೆ ಹಾಸಿದೆ. ಒಳ್ಳೆಯ ದಪ್ಪ ಕಾಗದ.

ಇವರ ಹುಚ್ಚು ಇವರ ಮಣಿಕಟ್ಟಿನಲ್ಲೇ ಇದ್ದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಆದರೆ ಆ ಹೊಸ ವಾಚು ಬಂದದ್ದು ಇಂದುವಿನ ವರನಿಗೆ. ಬೊರಿವಲಿಯ ಶ್ರೀಧರನೊಂದಿಗೆ ಅವಳ ಮದುವೆ ನಿಶ್ಚಯವಾಗಿ, ಲಗ್ನಕ್ಕೆ ಮೂರೇ ವಾರ ಉಳಿದಿತ್ತು. ವರಪೂಜೆಯಲ್ಲಿ ಅಳಿಯನ ಕೈಗೆ ವಾಚು ಕಟ್ಟುವುದು ನಮ್ಮ ಮಂದಿಯಲ್ಲಿ ನಡೆದುಬಂದ ಪದ್ಧತಿ. ಯಾವ ಶಾಸ್ತ್ರದಲ್ಲಿದೆಯೋ ನಾನು ಕಾಣೆ. "ಇಂಥಾ ಬೋಳು ಮಾರಿಯ ವಾಚು ಕಟ್ಟಿ ನನ್ನ ತಂಗೀನ ಹೆಂಗ ಕೊಡ್ಲಿ?" ಎಂದು ನಮ್ಮವರು ಹಟ ಹಿಡಿದರು. ಹಾಗಿದ್ದರೆ ನಿಮ್ಮ ಕೈಯಲ್ಲಿರುವ ಹಳೆಯದನ್ನೇ ಕೊಡಿ ಎಂದೆ. ಅವರು ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಬಾಲ್ಕನಿಗೆ ಹೋದರು.

ಆಮೇಲೆ ಮಾಡಿದ್ದನ್ನು ಗಡಿಯಾರದ ಭಕ್ತರು ಮಾತ್ರ ಮಾಡಬಲ್ಲರು. ದೇಸಾಯರನ್ನು ಕರೆದುಕೊಂಡು ಬೊರಿವಲಿಗೆ ಹೋಗಿ, ವರನ ತಾಯಿ ಅಂಬಕ್ಕನವರ ಎದುರು ಕೂತು, "ವಾಚು ಬಂದದ್ರಿ, ಮನ್ಯಾಗ ಅದ. ಆದ್ರ ನಿಮ್ಮ ಮಗಗ ಕೊಡಾಕ ಮನಸ್ಸಿಲ್ಲ" ಎಂದು ಶುರು ಮಾಡಿದ್ದಾರೆ! ಶ್ರೀಧರ ಎರಡನೇ ಪಾಳಿಗೆ ಹೋಗಿದ್ದ. ಆ ಹೆಂಗಸಿಗೆ ಅರ್ಧ ಗಂಟೆ ಅಂಕಿ, ಕಡ್ಡಿ, ಕಿಡಕಿ ಎಂದು ಪುರಾಣ ಹೇಳಿ, ಚಹಾ ಕುಡಿದು, ಎಲ್ಲ ಸರಿಹೋಯಿತೆಂದು ಶಿಳ್ಳೆ ಹಾಕುತ್ತ ಬಂದರು. ನಾಲ್ಕನೇ ದಿನಕ್ಕೆ ಪೋಸ್ಟ್‌ಕಾರ್ಡು ಬಂತು. "ವಾಚು ಮನೆಯಲ್ಲಿಟ್ಟುಕೊಂಡು ಕೊಡಲು ಮನಸ್ಸಿಲ್ಲ ಎನ್ನುವವರು ನಾಳೆ ಹುಡುಗಿಯನ್ನೂ ಮನೆಯಲ್ಲಿಟ್ಟುಕೊಂಡಾರು. ಲಗ್ನಪತ್ರಿಕೆ ಸದ್ಯಕ್ಕೆ ಅಚ್ಚು ಹಾಕಿಸಬೇಡಿರಿ."

ನಮ್ಮವರು ಕಾರ್ಡು ಎರಡು ಸಲ ಓದಿ, "ನಾ ಎಷ್ಟು ಬಿಡಿಸಿ ಹೇಳಿದ್ದೆ!" ಅಂದರು. ಇಂದು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ತಲೆ ಎತ್ತದೆ, "ವೈನಿ, ಅಂಕಿ ಇರದಿದ್ರ ಟೈಮ ನಾ ಹೇಳ್ತಿದ್ದೆನಲ್ಲ ಅವರಿಗೆ" ಅಂದಳು. ಅಷ್ಟೇ. ಆಮೇಲೆ ಒಳಗೆ ಹೋಗಿ ಮದುವೆಗೆಂದು ತೆಗೆದಿಟ್ಟ ಸೀರೆಗಳನ್ನು ಒಂದೊಂದಾಗಿ ಟ್ರಂಕಿನ ತಳಕ್ಕೆ ಇಳಿಸತೊಡಗಿದಳು. ತಂದೆತಾಯಿ ಇಲ್ಲದ ಹುಡುಗಿ. ನಾನೇ ಜಡೆ ಹಾಕಿ ಬೆಳೆಸಿದ್ದೇನೆ. ಆ ಟ್ರಂಕಿನ ಮುಚ್ಚಳದ ಸದ್ದು ನನಗೆ ತಡೆಯಲಾಗಲಿಲ್ಲ.

ಮರುದಿನ ಅಡಿಗೆ ಮುಗಿಸಿ, ವಾಚನ್ನು ಕುಂಕುಮದ ಭರಣಿಯ ಜೊತೆ ಚೀಲದಲ್ಲಿಟ್ಟುಕೊಂಡು ನಾನೊಬ್ಬಳೇ ಹೊರಟೆ. ದಾದರಿನಲ್ಲಿ ಗಾಡಿ ಬದಲಿಸಿದಾಗ ಕಿಟಕಿಯ ಪಕ್ಕದ ಜಾಗ ಸಿಕ್ಕಿತು, ಶುಭಶಕುನ ಎಂದುಕೊಂಡೆ. ಬೊರಿವಲಿಯವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಬಾಗಿಲು ತೆರೆದ ಅಂಬಕ್ಕನವರ ಮುಖ ನೋಡಿದ ಕೂಡಲೇ ಎಲ್ಲ ಮರೆತುಹೋಯಿತು.

"ಬರ್ರಿ" ಅಂದರು. ಕೂಡ್ರಿ ಅನ್ನಲಿಲ್ಲ.

ನಾನು ಡಬ್ಬಿ ತೆಗೆದು ಅವರ ಕೈಯಲ್ಲಿಟ್ಟೆ. "ಅಂಬಕ್ಕಾರ, ಇದು ನಿಮ್ಮ ಮಗನ ವಾಚು. ನಮ್ಮನಿ ಗಂಡಸರಿಗೆ ತಲಿ ಕೆಟ್ಟದ, ಹುಡುಗಿಗೆ ಕೆಟ್ಟಿಲ್ಲ."

ಅವರು ತೆರೆದು ನೋಡಿದರು, ಮುಚ್ಚಿದರು. "ವಾಚಿನ ಮಾತಲ್ರಿ ಇದು. ನನ್ನ ಮಗಗ ಕೊಡಾಕ ಮನಸ್ಸಿಲ್ಲ ಅಂದ್ರಲ್ಲ, ಆ ಮಾತು" ಎಂದರು. ಗೋಡೆಯ ಕಡೆಗೆ ನೋಡುತ್ತ ನಿಂತೆ. ಅಲ್ಲಿ ದೇವರ ಗೂಡಿನ ಪಕ್ಕ ಮೊಳೆಗೆ ಈ ವರ್ಷದ ಪಂಚಾಂಗ ತೂಗುತ್ತಿತ್ತು, ನಮ್ಮ ಮನೆಗೂ ಬರುವ ಅದೇ ಪಂಚಾಂಗ. ನನಗೇ ತಿಳಿಯದಂತೆ ಬಾಯಿಂದ ಮಾತು ಬಿತ್ತು: "ನೀವೂ ಇದನ್ನ ತರಸ್ತೀರೇನು? ನೋಡಿದ್ರಿಲ್ಲೋ, ಏಕಾದಶಿ ಮುಂದಿನ ಶಂಖ ತಗದಾರ!"

ಅಂಬಕ್ಕನವರ ಮುಖವೇ ಬದಲಾಯಿತು. "ನೋಡ್ಲಾರದ ಏನ್ರಿ! ಬರೀ ಚುಕ್ಕಿ ಇಟ್ಟಾರ, ಚುಕ್ಕಿ! ನಾನಂತೂ ಹೋದ ತಿಂಗಳು ಏಕಾದಶಿ ದಿವಸ ಉಪ್ಪಿಟ್ಟು ತಿರುವಿದೆ. ಬಾಯಿಗೆ ಇಡೂದ್ರಾಗ ನೆನಪಾತು, ಪುಣ್ಯಾ!"

"ಶಂಖ ಇತ್ತಂದ್ರ ಕನ್ನಡಕ ಇಲ್ಲದ ಕಾಣ್ತಿತ್ತು."

"ಎಷ್ಟು ಛಂದ ಇತ್ತ್ರಿ! ಚಲೋ ಇದ್ದದ್ದನ್ನ ಯಾಕ ಕೆಡಸ್ತಾರೋ ಈ ಮಂದಿ. ಕೂಡ್ರಿ, ಕೂಡ್ರಿ, ನಿಂತೇ ಇದ್ದೀರಲ್ಲ."

ಕೂತೆವು. ಶಂಖದಿಂದ ಸಂಕಷ್ಟಿಯ ಚಂದ್ರನಿಗೆ ಹೋದೆವು, ಅಲ್ಲಿಂದ ಕಾಗದದ ತೆಳುವಿಗೆ, ಅಲ್ಲಿಂದ ಅಚ್ಚು ಹಾಕುವವರ ಕುಲಗೋತ್ರಕ್ಕೆ. ಅವರಿಗೊಂದು ಪತ್ರ ಬರೆದು ಇಬ್ಬರೂ ಸಹಿ ಹಾಕಬೇಕೆಂದು ನಿಶ್ಚಯಿಸಿದೆವು. ಎರಡು ತಾಸು ಕಳೆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಏಳುವಾಗ ಅವರು ನನಗೆ ಕುಂಕುಮ, ತೆಂಗಿನಕಾಯಿ ಕೊಟ್ಟು, ವಾಚಿನ ಡಬ್ಬಿಯನ್ನು ನನ್ನ ಚೀಲಕ್ಕೇ ಹಾಕಿದರು. "ವರಪೂಜಿ ದಿವಸ ನಿಮ್ಮ ಕೈಲೇ ಕಟ್ಟಸ್ರಿ. ಪತ್ರಿಕಾ ಅಚ್ಚಿಗೆ ಕೊಡ್ರಿ ಇನ್ನ. ಇಷ್ಟು ತಿಳುವಳಿಕಿ ಇದ್ದವರು ಬೀಗರಾಗಿ ಸಿಗೂದು ಕಡಿಮಿ."

ಗಾಡಿಯಲ್ಲಿ ಆ ಹೊಗಳಿಕೆಯನ್ನು ಅಂಧೇರಿಯವರೆಗೆ ಚಪ್ಪರಿಸಿದೆ. ಅಂಧೇರಿ ದಾಟಿದ ಮೇಲೆ ಅದು ಬಾಯಲ್ಲಿ ಸ್ವಲ್ಪ ಕಹಿಯಾಯಿತು. ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ನಮ್ಮದು ಹೇಗಿದ್ದರೂ ದೇವರ ಕೆಲಸ, ನಮ್ಮ ಗಂಡಸರದು ಬರೀ ಚೈನಿ. ದಾದರು ಬರುವವರೆಗೆ ಇದನ್ನು ನಾಲ್ಕೈದು ಸಲ ನನಗೇ ಹೇಳಿಕೊಳ್ಳಬೇಕಾಯಿತು.

ಮನೆ ಮುಟ್ಟಿದಾಗ ನಮ್ಮವರೂ ದೇಸಾಯರೂ ಬಾಗಿಲಲ್ಲೇ ಕಾದಿದ್ದರು. ಇಂದು ಅವರ ಹಿಂದೆ ನಿಂತಿದ್ದಳು. ಪತ್ರಿಕೆ ಅಚ್ಚಿಗೆ ಕೊಡಿ ಎಂದೆ. ಅವಳು ಒಳಗೆ ಹೋದಳು. ಟ್ರಂಕು ತೆರೆದ ಸದ್ದು ಕೇಳಿಸಿತು. ನಮ್ಮವರು ಬೆರಗಾಗಿ, "ಅಂಕಿ ಇಲ್ಲದ್ದಕ್ಕ ಒಪ್ಪಿದ್ರ? ಇಷ್ಟೊತ್ತು ಅವರಿಗೆ ಏನ ತಿಳಿಸಿ ಹೇಳಿದಿ?" ಎಂದು ಕೇಳಿದರು.

"ಹೆಂಗಸರ ಮಾತು, ನಿಮಗ ತಿಳಿಯೂದಿಲ್ಲ" ಎಂದು ಹೇಳಿ, ಮರುದಿನದ ದೋಸೆಗೆ ಉದ್ದಿನಬೇಳೆ ನೆನೆಹಾಕಲು ಒಳಗೆ ನಡೆದೆ.