ಮಹಾಬಳೇಶ್ವರಕ್ಕೆ ಹೋದ ಅತ್ತೆ

ನಮ್ಮ ಸೋದರತ್ತೆಯನ್ನು ಕಂಡು ಮಹಾಬಳೇಶ್ವರದ ಗುಡ್ಡವೇ ಒಂದು ಹೆಜ್ಜೆ ಹಿಂದೆ ಸರಿಯಿತು ಎಂದರೆ ನೀವು ನಂಬುವುದಿಲ್ಲ. ಬಿಡಿ, ನಮ್ಮೂರು ನಿಂಬರ್ಗಾದಲ್ಲಿ ಯಾರಿಗೆ ಹೇಳಿದರೂ ನಂಬುತ್ತಾರೆ!

ನಿಜಾಮರ ಕಾಲ. ನಾನಿನ್ನೂ ಲಂಗ ಉಡುವ ಹುಡುಗಿ. ನನಗೆ ಬಂದ ನಿಮೋನಿಯಾ ಹೋದರೂ ಕೆಮ್ಮು ಹೋಗಿರಲಿಲ್ಲ. "ಅಂಟುರೋಗ ಅಲ್ರಿ, ಗುಡ್ಡದ ತಂಪು ಹವಾ ಬೇಕು" ಎಂದರು ಗುಲಬರ್ಗಾದ ಡಾಕ್ಟರು. ಮಹಾಬಳೇಶ್ವರವೆಂದರೆ ಆಗ ಸಾಹೇಬರು, ನವಾಬರು ಬೇಸಿಗೆ ಕಳೆಯುವ ಜಾಗ. ಅಪ್ಪ ನಕ್ಕುಬಿಟ್ಟ.

"ಹೆಣ್ಣುಕೂಸಿಗೆ ಯಾತರ ಗುಡ್ಡದ ಹವಾ, ಅಕ್ಕಾ?"

"ಯಾಕಲೇ, ಹೆಣ್ಣಾದ್ರ ಉಸರು ಆಡಬಾರದೇನು?" ಎಂದವಳೇ ಅತ್ತೆ ದಾರಿಗೆಂದು ರೊಟ್ಟಿ ಬಡಿಯಲು ಕುಳಿತಳು. ಗಂಡನಿಲ್ಲದ ಹೆಂಗಸು ಒಬ್ಬಳೇ ಅಷ್ಟು ದೂರ ಹೋಗುವುದೇ ಎಂದು ಓಣಿಯೆಲ್ಲ ಬಂದು ಕೇಳಿತು.

"ಒಬ್ಬಾಕಿ ಎಲ್ಲಿದ್ದೇನಿ? ಈ ಕೂಸು ಮಂದಿ ಅಲ್ಲೇನ್ರಿ?"

ರೈಲು ಇಳಿದು, ಮೋಟಾರು ಹತ್ತಿ, ತಿರುವು ತಿರುವಿಗೂ ಡ್ರೈವರನನ್ನು ಬೈಯುತ್ತ ಗುಡ್ಡ ಸೇರಿದಳು. ಅಲ್ಲಿಯ ಛತ್ರದವನು ನನ್ನ ಕೆಮ್ಮು ಕೇಳಿದ್ದೇ ತಡ, ಕೋಣೆ ಇಲ್ಲ ಎಂದ. ಅತ್ತೆ ಜಗಳವಾಡಿದಳೇ? ಇಲ್ಲ! ಗಂಟು ಬಿಚ್ಚಿ, ಕೆಂಪು ಖಾರದ ಗಡಿಗೆಯ ಬಾಯಿ ತೆರೆದು ಅವನ ಮೂಗಿಗೆ ಹಿಡಿದಳು. ಪಾಪ, ಕೆಮ್ಮಿ ಕೆಮ್ಮಿ ಅವನ ಕಣ್ಣಲ್ಲಿ ನೀರು!

"ನಿಮಗೂ ಕೆಮ್ಮು ಬಂತಲ್ರಿ? ನಡೀರಿ, ನೀವೂ ಹೊರಗ ನಡೀರಿ!"

ಕೋಣೆ ಸಿಕ್ಕಿತು. ಗಾಳಿ ಚೆನ್ನಾಗಿ ಬರುವ ಕೋಣೆಯೇ ಸಿಕ್ಕಿತು.

ಕೆಲವು ವಾರ ಕಳೆದ ಮೇಲೆ ಒಂದು ಮುಂಜಾನೆ ಕಣಿವೆ ನೋಡಲು ಹೋದೆವು. ಕಣಿವೆ ಎಲ್ಲಿ? ಬರೀ ಮಂಜು! ಜಾಗ ತೋರಿಸುವವನೊಬ್ಬ ಬಂದು, ಅಲ್ಲಿ ನದಿ, ಇಲ್ಲಿ ಕೋಟೆ ಎಂದು ಬಿಳಿ ಗೋಡೆಗೆ ಬೆರಳು ಮಾಡತೊಡಗಿದ.

"ಕಾಣದ್ದು ತೋರಸಾಕ ನೀ ಯಾಕ ಬೇಕೋ? ಕಣ್ಣು ಮುಚ್ಚಿದ್ರ ನನಗ ನಿಂಬರ್ಗಾನೂ ಕಾಣ್ತದ!" ಎಂದು ಅತ್ತೆ ಬಂಡೆಯ ಮೇಲೆ ಕುಳಿತಳು. "ಈ ಮಂಜಾದ್ರೂ ಏಳಬೇಕು, ಇಲ್ಲ ನಾನಾದ್ರೂ ಏಳಬೇಕು. ನಾ ಅಂತೂ ಏಳಂಗಿಲ್ಲ."

ಎದ್ದದ್ದು ಮಂಜೇ! ಇಡೀ ಕಣಿವೆ ಹಸಿರಾಗಿ ತೆರೆದುಕೊಂಡಿತು. ನಾನು ಕಿರುಚುತ್ತ ಏರು ಹತ್ತಿ ಓಡಿದೆ, ಓಡಿಯೇ ವಾಪಸು ಬಂದೆ, ಒಮ್ಮೆಯೂ ಕೆಮ್ಮದೆ.

ಅತ್ತೆ ನನ್ನನ್ನು ಹಿಡಿದು ನಿಲ್ಲಿಸಿ, ನನ್ನ ಬೆನ್ನಿಗೆ ಕಿವಿ ಹಚ್ಚಿದಳು.

"ಅತ್ತೀ, ಅಲ್ಲಿ ನೋಡು, ನದಿ ಕಾಣಾಕತ್ತದ!"

"ಸುಮ್ನಿರಬೇ," ಎಂದಳು. ಅವಳ ದನಿ ಎಂದೂ ಅಷ್ಟು ಸಣ್ಣಗಾಗಿರಲಿಲ್ಲ. "ಕೇಳಾಕತ್ತೇನಿ."