ಮೂವತ್ತು ಮನೆಗೆ ಒಂದೇ ಬೆಕ್ಕು

ಕೋಬಿಲನ ಎರಡು ವರ್ಷದ ಓದು ಒಂದೇ ಪ್ರಶ್ನೆಗೆ ಸಿಕ್ಕಿಹಾಕಿಕೊಂಡಿತ್ತು. ಅಪರಾಧ ತಡೆಯುವ ನೀತಿಯ ಮೇಲೆ ಸ್ನಾತಕೋತ್ತರ ಪ್ರಬಂಧ ಬರೆಯಲು ಅವನು ಆರಿಸಿಕೊಂಡಿದ್ದು ತಾಷ್ಕೆಂಟಿನ ಹಳೇ ಪೇಟೆಯ ಒಂದು ಮೊಹಲ್ಲಾ. ಅಲ್ಲಿ ಹನ್ನೊಂದು ವರ್ಷದಿಂದ ಒಂದು ಅಪರಾಧವೂ ದಾಖಲಾಗಿರಲಿಲ್ಲ. ಅದು ಹೇಗೆಂದು ಮೂವತ್ತು ಮನೆಗಳಲ್ಲಿ ಕೇಳಿ, ಇವತ್ತು ಸಂಜೆ ಐದರೊಳಗೆ ಉತ್ತರ ತಂದೊಪ್ಪಿಸದಿದ್ದರೆ ವಿದ್ಯಾರ್ಥಿಗಳ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತೇನೆ ಎಂದಿದ್ದರು ಪ್ರೊಫೆಸರ್ ತುರ್ದಿಯೆವ್. ಮೂರು ಸಲ ಗಡುವು ತಪ್ಪಿಸಿದವನಿಗೆ ಇನ್ನೇನು ಹೇಳಬೇಕು?

ಮೊಹಲ್ಲಾದ ಮುಖ್ಯಸ್ಥೆ ಖೈರಿನಿಸಾ ಅಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಅವನ ಪ್ರಶ್ನೆಗಳನ್ನು ಎರಡು ಸಲ ಓದಿದರು. ಆಮೇಲೆ ಕೆಂಪು ಅಂಚಿನ ರಬ್ಬರ್ ಮೆಟ್ಟು ಹಾಕಿಕೊಂಡು, "ಹೋಗಪ್ಪ, ಕೇಳು. ನಮ್ಮಲ್ಲಿ ಮುಚ್ಚಿಡೋಕೆ ಏನಿದೆ?" ಎಂದರು.

ಮೊದಲ ಮನೆಯ ಹೊಸ್ತಿಲಲ್ಲಿ ಅದೇ ಕೆಂಪು ಅಂಚಿನ ಮೆಟ್ಟು ಬಿಚ್ಚಿಟ್ಟಿತ್ತು. ಒಳಗೆ ಅಮ್ಮ ಕಾಣಲಿಲ್ಲ. ಗಾಳಿಯಿಲ್ಲದಿದ್ದರೂ ಪರದೆ ಮಾತ್ರ ಅಲ್ಲಾಡುತ್ತಿತ್ತು. ಮನೆಯಾಕೆ ಹಸಿರು ಚಹಾವನ್ನು ಬಟ್ಟಲ ಅಂಚಿನವರೆಗೂ ಸುರಿದಳು. ಅಲ್ಲಿನ ವಾಡಿಕೆಯೇ ಹಾಗೆ: ಬೇಕಾದವರಿಗೆ ಅರ್ಧ ಬಟ್ಟಲು, ಕುಡಿದು ಜಾಗ ಖಾಲಿ ಮಾಡಬೇಕಾದವರಿಗೆ ತುಂಬಿದ ಬಟ್ಟಲು. ಕೋಬಿಲ್ ನಾಲಿಗೆ ಸುಟ್ಟುಕೊಂಡು ಕುಡಿದ. ಅವನು ಬಾಯಿ ತೆರೆಯುವ ಮೊದಲೇ ಉತ್ತರ ಬಂತು: "ನಮ್ಮ ಬೀದೀಲಿ ಬೆಕ್ಕು ಕೂಡ ಕದ್ದು ಹಾಲು ಕುಡಿಯಲ್ಲ."

ಹೊರಗೆ ಬಂದು ನೋಡಿದರೆ ಮೆಟ್ಟು ಮಾಯ. ಪಕ್ಕದ ಮನೆಯ ಹೊಸ್ತಿಲಲ್ಲಿ ಅದೇ ಮೆಟ್ಟು. ಒಳಗೆ ಅದೇ ತುಂಬಿದ ಬಟ್ಟಲು, ಅದೇ ಬೆಕ್ಕು. ಏಳನೇ ಮನೆಯ ಯಜಮಾನನ ತಲೆಗೆ ಹೊಸ ಬ್ಯಾಂಡೇಜು. ಬೀಗ ಮುರಿದ ಬಾಗಿಲಿಗೆ ಒರಗಿ ಅವನೂ ಬೆಕ್ಕಿನ ಮಾತನ್ನೇ ಹೇಳಿದ. ತಲೆಗೇನಾಯಿತು ಎಂದು ಕೇಳಿದರೆ, ಹುಟ್ಟಿದಾಗಿನಿಂದ ಹೀಗೇ ಇದೆ ಎಂದ. ಹನ್ನೆರಡನೇ ಮನೆಯ ಕುರಿದೊಡ್ಡಿಯಲ್ಲಿ ಕತ್ತರಿಸಿದ ಹಗ್ಗ ಮಾತ್ರ ಬಿದ್ದಿತ್ತು. ಕುರಿಗಳು ನೆಂಟರ ಮನೆಗೆ ಹೋಗಿವೆಯಂತೆ.

ನಡು ಮಧ್ಯಾಹ್ನ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅವನು ದಾಟಿ ಬಂದ ಬಾಗಿಲುಗಳು ಬೆನ್ನ ಹಿಂದೆ ಒಂದೊಂದಾಗಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದ್ದವು. ಕೋಬಿಲನಿಗೆ ಭಯವಾಯಿತು. ಅಪರಾಧವೇ ಇಲ್ಲದ ಬೀದಿಯನ್ನು ನೋಡಲು ಬಂದ ಪುಣ್ಯಾತ್ಮ ತಾನೇ ಗಡಗಡ ನಡುಗುತ್ತ ಮೂವತ್ತು ಮನೆ ಮುಗಿಸಿದ. ಮೂವತ್ತು ಬಟ್ಟಲು ಚಹಾ ಹೊಟ್ಟೆಯಲ್ಲಿ ಬಿಂದಿಗೆಯ ನೀರಿನಂತೆ ಕುಲುಕುತ್ತಿತ್ತು.

ಐದಕ್ಕೆ ಹತ್ತು ನಿಮಿಷವಿದ್ದಾಗ ತುರ್ದಿಯೆವ್ ಹಾಳೆಗಳನ್ನು ತಿರುವಿದರು. "ಮೂವತ್ತು ಮನೆ, ಒಂದೇ ಬೆಕ್ಕು. ರೂಮಲ್ಲಿ ಕೂತು ನೀನೇ ಬರ್ದಿದೀಯ ತಾನೆ?"

"ಅಲ್ಲಾನ ಆಣೆಗೂ ಇಲ್ಲ ಮೇಷ್ಟ್ರೇ. ಬೇಕಾದ್ರೆ ಖೈರಿನಿಸಾ ಅಮ್ಮನ್ನೇ ಕೇಳಿ."

ಪ್ರೊಫೆಸರ್ ಅಲ್ಲೇ ಫೋನು ಹಚ್ಚಿದರು. ನಿಮ್ಮ ಮೊಹಲ್ಲಾದಲ್ಲಿ ಒಬ್ಬ ಹುಡುಗ ಸುಳ್ಳು ದಾಖಲೆ ಮಾಡಿರುವಂತಿದೆ, ಅದು ಅಪರಾಧ, ಅವನು ಅಲ್ಲಿಗೆ ಬಂದಿದ್ದನೇ ಎಂದು ವಿಚಾರಿಸಿದರು.

ಆ ಕಡೆಯಿಂದ ಖೈರಿನಿಸಾ ಅಮ್ಮನ ದನಿ ಕೇಳಿಸಿತು.

"ಅಪರಾಧಾನಾ? ನಮ್ಮ ಮೊಹಲ್ಲಾದಲ್ಲಾ? ಅಂಥ ಹುಡುಗ ಯಾರೂ ಇಲ್ಲಿಗೆ ಬಂದೇ ಇಲ್ಲ ಮೇಷ್ಟ್ರೇ. ಅನುಮಾನ ಇದ್ರೆ ಮೂವತ್ತು ಮನೇಲೂ ಕೇಳಿ ನೋಡಿ."

ಹನ್ನೊಂದು ವರ್ಷದಿಂದ ಆ ಬೀದಿಯಲ್ಲಿ ಒಂದು ಅಪರಾಧವೂ ಯಾಕೆ ದಾಖಲಾಗಿಲ್ಲ ಎಂಬುದು ಕೋಬಿಲನಿಗೆ ಆಗ ಚೆನ್ನಾಗಿ ಅರ್ಥವಾಯಿತು. ಪ್ರಬಂಧದಲ್ಲಿ ಬರೆಯೋಣವೆಂದರೆ, ಪ್ರೊಫೆಸರರು ಅಷ್ಟರಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದಾಗಿತ್ತು.